ತೀವ್ರ ಅಪಾಯ ರಕ್ಷಣಾ ಆದೇಶ

ತನಗೋ ಇತರರಿಗೋ ಪ್ರಾಣಾಪಾಯ ತರಬಹುದೆಂದು ಸಾಕ್ಷ್ಯದ ಮೇಲೆ ಕಂಡುಬಂದ ವ್ಯಕ್ತಿಯ ಬಂದೂಕುಗಳನ್ನು ನಿಗದಿತ ಅವಧಿಗೆ ಅವನ ಕೈಯಿಂದ ತೆಗೆದು, ಆ ಅವಧಿಯಲ್ಲಿ ಹೊಸ ಬಂದೂಕು ಕೊಳ್ಳದಂತೆಯೂ ತಡೆಯುವ ಸಿವಿಲ್ ನ್ಯಾಯಾಲಯದ ಆದೇಶಕ್ಕೆ ತೀವ್ರ ಅಪಾಯ ರಕ್ಷಣಾ ಆದೇಶ ಎನ್ನುತ್ತಾರೆ. ಇದು ಅಮೆರಿಕ ಸಂಯುಕ್ತ ಸಂಸ್ಥಾನದ ರಾಜ್ಯಗಳಲ್ಲಿ 1999ರಿಂದ ಈಚೆಗೆ ಬೆಳೆದ ಕಾನೂನು ವ್ಯವಸ್ಥೆ. ಆದೇಶಕ್ಕೆ ಅವಕಾಶ ಕೊಡುವ ಶಾಸನಗಳನ್ನು ಜನ ರೆಡ್ ಫ್ಲ್ಯಾಗ್ ಕಾನೂನು ಎಂದು ಕರೆಯುತ್ತಾರೆ. ಆದೇಶಕ್ಕೆ ಒಳಗಾದವನು ಅಪರಾಧಿಯೂ ಅಲ್ಲ, ಆರೋಪಿಯೂ ಅಲ್ಲ. ಅವನ ಮೇಲೆ ಕ್ರಿಮಿನಲ್ ಮೊಕದ್ದಮೆ ಇರಬೇಕಾಗಿಲ್ಲ, ಅವನಿಗೆ ಮಾನಸಿಕ ಕಾಯಿಲೆ ಇದೆಯೆಂದು ವೈದ್ಯರು ಹೇಳಿರಬೇಕಾಗಿಯೂ ಇಲ್ಲ.

ಪರಿಭಾಷೆ

ಒಂದೇ ಬಗೆಯ ಆದೇಶಕ್ಕೆ ಬೇರೆ ಬೇರೆ ರಾಜ್ಯಗಳಲ್ಲಿ ಬೇರೆ ಬೇರೆ ಹೆಸರುಗಳಿವೆ. ಕನೆಟಿಕಟ್‌ನಲ್ಲಿ ರಿಸ್ಕ್ ವಾರಂಟ್, ಕ್ಯಾಲಿಫೋರ್ನಿಯಾದಲ್ಲಿ ಗನ್ ವಯಲೆನ್ಸ್ ರಿಸ್ಟ್ರೇನಿಂಗ್ ಆರ್ಡರ್, ಫ್ಲಾರಿಡಾದಲ್ಲಿ ರಿಸ್ಕ್ ಪ್ರೊಟೆಕ್ಷನ್ ಆರ್ಡರ್, ವಾಷಿಂಗ್ಟನ್, ಮೇರಿಲ್ಯಾಂಡ್, ನ್ಯೂಯಾರ್ಕ್ ಮೊದಲಾದ ರಾಜ್ಯಗಳಲ್ಲಿ ಎಕ್ಸ್‌ಟ್ರೀಮ್ ರಿಸ್ಕ್ ಪ್ರೊಟೆಕ್ಷನ್ ಆರ್ಡರ್ ಎಂಬ ಹೆಸರುಗಳು ಬಳಕೆಯಲ್ಲಿವೆ. ಈ ಲೇಖನದಲ್ಲಿ ಎಲ್ಲಕ್ಕೂ ಸಾಮಾನ್ಯವಾಗಿ ‘ರಕ್ಷಣಾ ಆದೇಶ’ ಎಂಬ ಪದವನ್ನು ಬಳಸಿದೆ. ಆದೇಶ ಕೋರಿ ನ್ಯಾಯಾಲಯಕ್ಕೆ ಹೋಗುವವರು ಅರ್ಜಿದಾರರು. ಯಾರ ಬಂದೂಕುಗಳ ವಿಷಯದಲ್ಲಿ ಅರ್ಜಿ ಸಲ್ಲುತ್ತದೋ ಅವರು ಪ್ರತಿವಾದಿ. ಪ್ರತಿವಾದಿಯ ಮಾತು ಕೇಳುವ ಮೊದಲೇ ಹೊರಡಿಸುವ ಅಲ್ಪಾವಧಿಯ ಆದೇಶ ಏಕಪಕ್ಷೀಯ ಆದೇಶ, ಇಬ್ಬರ ಮಾತನ್ನೂ ಕೇಳಿದ ಮೇಲೆ ಹೊರಡಿಸುವುದು ಅಂತಿಮ ಆದೇಶ. ‘ಅಂತಿಮ’ ಎಂಬುದು ಇಲ್ಲಿ ವಿಚಾರಣೆಯ ಹಂತವನ್ನು ಮಾತ್ರ ಸೂಚಿಸುತ್ತದೆ. ಆ ಆದೇಶವೂ ಕಾಯಂ ಅಲ್ಲ.

ಹತ್ತಿರದ ಎರಡು ವ್ಯವಸ್ಥೆಗಳಿಂದ ಇದನ್ನು ಬೇರ್ಪಡಿಸಿ ನೋಡಬೇಕು. ಕೌಟುಂಬಿಕ ಹಿಂಸೆಯ ತಡೆಯಾಜ್ಞೆ ಒಬ್ಬ ನಿರ್ದಿಷ್ಟ ಸಂತ್ರಸ್ತರನ್ನು ಕಾಪಾಡಲು ಇರುವಂಥದು. ಅವರ ಹತ್ತಿರ ಸುಳಿಯಬಾರದು, ಫೋನ್ ಮಾಡಬಾರದು ಎಂಬಂಥ ನಿರ್ಬಂಧಗಳು ಅದರಲ್ಲಿರುತ್ತವೆ. ರಕ್ಷಣಾ ಆದೇಶದಲ್ಲಿ ಅವೊಂದೂ ಇಲ್ಲ, ಅದರ ವಿಷಯ ಬಂದೂಕು ಮಾತ್ರ. ಇನ್ನು ಮಾನಸಿಕ ಆಸ್ಪತ್ರೆಗೆ ಒತ್ತಾಯದಿಂದ ದಾಖಲಿಸುವ ನ್ಯಾಯಾಂಗ ಕ್ರಮ ವ್ಯಕ್ತಿಯನ್ನೇ ಕೂಡಿಹಾಕುತ್ತದೆ, ಒಕ್ಕೂಟದ ಕಾನೂನಿನಡಿ ಬಂದೂಕಿನ ಹಕ್ಕನ್ನು ದೀರ್ಘಕಾಲ ಕಳೆಯುತ್ತದೆ. ರಕ್ಷಣಾ ಆದೇಶದಲ್ಲಿ ವ್ಯಕ್ತಿ ತನ್ನ ಮನೆಯಲ್ಲೇ ಇರುತ್ತಾನೆ, ಬಂದೂಕು ಮಾತ್ರ ಮನೆಯಿಂದ ಹೊರಹೋಗುತ್ತದೆ.

ಹುಟ್ಟು

1998ರ ಮಾರ್ಚ್ 6ರಂದು ಕನೆಟಿಕಟ್ ರಾಜ್ಯದ ನ್ಯೂವಿಂಗ್ಟನ್‌ನಲ್ಲಿದ್ದ ಸರ್ಕಾರಿ ಲಾಟರಿ ಕಚೇರಿಯಲ್ಲಿ ಅಲ್ಲಿಯದೇ ನೌಕರನೊಬ್ಬ ನಾಲ್ವರು ಮೇಲಧಿಕಾರಿಗಳನ್ನು ಕೊಂದು ತಾನೂ ಗುಂಡಿಕ್ಕಿಕೊಂಡ. ಅವನು ಮಾನಸಿಕ ಒತ್ತಡದ ಕಾರಣಕ್ಕೆ ರಜೆಯ ಮೇಲಿದ್ದು ಆಗಷ್ಟೇ ಕೆಲಸಕ್ಕೆ ಮರಳಿದ್ದವನು. ಈ ಘಟನೆಯ ನಂತರ ರಾಜ್ಯ ಶಾಸನಸಭೆ ಒಪ್ಪಿದ ಕಾನೂನು 1999ರ ಅಕ್ಟೋಬರ್ 1ರಂದು ಜಾರಿಗೆ ಬಂತು. ಅಪರಾಧ ನಡೆಯುವುದಕ್ಕೂ ಮುನ್ನ, ಅಪಾಯದ ಲಕ್ಷಣಗಳನ್ನೇ ಆಧಾರವಾಗಿಟ್ಟು ಬಂದೂಕು ಜಪ್ತಿಗೆ ಅಪ್ಪಣೆ ಕೊಟ್ಟ ದೇಶದ ಮೊದಲ ಶಾಸನ ಇದೇ. ಇಬ್ಬರು ಪೊಲೀಸ್ ಅಧಿಕಾರಿಗಳೋ ಸರ್ಕಾರಿ ಅಭಿಯೋಜಕರೋ ಪ್ರಮಾಣ ಮಾಡಿ ವಾರಂಟ್ ಕೇಳಬಹುದಿತ್ತು. ಹದಿನಾಲ್ಕು ದಿನಗಳೊಳಗೆ ವಿಚಾರಣೆ ನಡೆಯಬೇಕಿತ್ತು.

ಎರಡನೆಯದು ಇಂಡಿಯಾನಾ. 2004ರ ಜನವರಿಯಲ್ಲಿ ಇಂಡಿಯಾನಾಪೊಲಿಸ್ ಪೊಲೀಸರು ಚಿತ್ತಸ್ಥಿಮಿತ ತಪ್ಪಿದ್ದ ವ್ಯಕ್ತಿಯೊಬ್ಬನನ್ನು ಆಸ್ಪತ್ರೆಗೆ ಒಯ್ದಾಗ ಅವನ ಬಂದೂಕುಗಳನ್ನೂ ಮದ್ದುಗುಂಡುಗಳನ್ನೂ ವಶಕ್ಕೆ ತೆಗೆದುಕೊಂಡಿದ್ದರು. ಅವುಗಳನ್ನು ಇಟ್ಟುಕೊಳ್ಳಲು ಕಾನೂನಿನ ಆಧಾರ ಇರಲಿಲ್ಲ. ಅವನು ಕೇಳಿದಾಗ ಹಿಂದಿರುಗಿಸಲೇಬೇಕಾಯಿತು. ಅದೇ ವರ್ಷ ಆಗಸ್ಟ್ 18ರಂದು ಅವನು ತನ್ನ ತಾಯಿಯನ್ನು ಕೊಂದು ಬೀದಿಗಿಳಿದ. ತಡೆಯಲು ಬಂದ ಪೊಲೀಸ್ ಅಧಿಕಾರಿ ಟಿಮತಿ ‘ಜೇಕ್’ ಲೇರ್ಡ್ ಅವನ ಗುಂಡಿಗೆ ಬಲಿಯಾದರು, ಇನ್ನೂ ನಾಲ್ವರು ಅಧಿಕಾರಿಗಳು ಗಾಯಗೊಂಡರು. 2005ರಲ್ಲಿ ಬಂದ ಶಾಸನಕ್ಕೆ ಜೇಕ್ ಲೇರ್ಡ್ ಕಾನೂನು ಎಂದೇ ಹೆಸರಾಯಿತು.

ಮುಂದಿನ ಒಂಬತ್ತು ವರ್ಷ ಬೇರೆ ಯಾವ ರಾಜ್ಯವೂ ಈ ದಾರಿ ಹಿಡಿಯಲಿಲ್ಲ. 2012ರ ಡಿಸೆಂಬರ್ 14ರಂದು ಕನೆಟಿಕಟ್‌ನ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳೂ 6 ಮಂದಿ ಶಾಲಾ ಸಿಬ್ಬಂದಿಯೂ ಹತರಾದ ಮೇಲೆ ಸಾರ್ವಜನಿಕ ಆರೋಗ್ಯ, ಮನೋವೈದ್ಯ ಮತ್ತು ಕಾನೂನು ತಜ್ಞರ ಒಂದು ಕೂಟ ಸೇರಿ 2013ರಲ್ಲಿ ಶಿಫಾರಸುಗಳನ್ನು ಮುಂದಿಟ್ಟಿತು. ಬಂದೂಕಿನ ಮೇಲಿನ ನಿರ್ಬಂಧ ಕಾಯಿಲೆಯ ಹೆಸರನ್ನು ನೋಡಬಾರದು, ವ್ಯಕ್ತಿಯ ಇತ್ತೀಚಿನ ನಡವಳಿಕೆಯನ್ನು ನೋಡಬೇಕು ಎಂಬುದು ಅವರ ಮುಖ್ಯ ಮಾತು. ಇಂದಿನ ಬಹುಪಾಲು ಶಾಸನಗಳ ಅಡಿಪಾಯ ಈ ಮಾತೇ.

2014ರ ಮೇ 23ರಂದು ಕ್ಯಾಲಿಫೋರ್ನಿಯಾದ ಐಲಾ ವಿಸ್ಟಾದಲ್ಲಿ ಆರು ಜನ ಹತರಾದರು. ಹಂತಕನ ವಿಷಯದಲ್ಲಿ ತಾಯಿಗೆ ಕೆಲವು ವಾರಗಳ ಹಿಂದೆಯೇ ಆತಂಕ ಹುಟ್ಟಿತ್ತು. ಶೆರಿಫ್ ಕಚೇರಿಯವರು ಅವನ ಬಾಗಿಲಿಗೂ ಹೋಗಿದ್ದರು. ಬಾಗಿಲಲ್ಲಿ ನಿಂತು ಮಾತಾಡಿಸಿ, ಅವನು ಸಮಾಧಾನವಾಗಿಯೇ ಉತ್ತರ ಕೊಟ್ಟದ್ದರಿಂದ ಮರಳಿದರು. ಕೋಣೆಯಲ್ಲಿ ಬಂದೂಕುಗಳಿದ್ದವು. ಅದೇ ವರ್ಷ ರಾಜ್ಯಪಾಲ ಜೆರಿ ಬ್ರೌನ್ ಸಹಿ ಹಾಕಿದ ಕಾನೂನು 2016ರ ಜನವರಿ 1ರಂದು ಜಾರಿಗೆ ಬಂದು, ಮೊದಲ ಬಾರಿಗೆ ಕುಟುಂಬದವರೇ ನೇರವಾಗಿ ನ್ಯಾಯಾಲಯಕ್ಕೆ ಹೋಗಲು ದಾರಿ ಮಾಡಿತು. 2016ರ ನವೆಂಬರ್‌ನಲ್ಲಿ ವಾಷಿಂಗ್ಟನ್ ರಾಜ್ಯದ ಮತದಾರರು ಜನಮತದ ಮೂಲಕ ಇಂಥದೇ ಕಾನೂನನ್ನು ಒಪ್ಪಿದರು. 2017ರಲ್ಲಿ ಆರೆಗಾನ್ ಸೇರಿತು.

ವ್ಯವಸ್ಥೆ ದೇಶದಲ್ಲಿ ಹರಡಿದ್ದು 2018ರ ಫೆಬ್ರವರಿ 14ರ ನಂತರ. ಅಂದು ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಪ್ರೌಢಶಾಲೆಯಲ್ಲಿ 17 ಮಂದಿ ಸತ್ತರು. ಹಂತಕನ ಬಗ್ಗೆ ಒಕ್ಕೂಟದ ತನಿಖಾ ಸಂಸ್ಥೆ ಎಫ್‌ಬಿಐಗೆ ಹಿಂದಿನ ತಿಂಗಳಷ್ಟೇ ದೂರು ಬಂದಿತ್ತು. ಬಂದೂಕು ಹಕ್ಕಿನ ಪರ ಎಂದು ಹೆಸರಾಗಿದ್ದ ರಿಪಬ್ಲಿಕನ್ ರಾಜ್ಯಪಾಲ ರಿಕ್ ಸ್ಕಾಟ್ ಮೂರೇ ವಾರಗಳಲ್ಲಿ, ಮಾರ್ಚ್ 9ರಂದು, ಕಾನೂನಿಗೆ ಸಹಿ ಹಾಕಿದರು. ಅದೇ ವರ್ಷ ವರ್ಮಾಂಟ್, ಮೇರಿಲ್ಯಾಂಡ್, ರೋಡ್ ಐಲೆಂಡ್, ನ್ಯೂಜೆರ್ಸಿ, ಡೆಲವೇರ್, ಮ್ಯಾಸಚೂಸೆಟ್ಸ್, ಇಲಿನಾಯ್ ಕಾನೂನು ಮಾಡಿದವು, ಕೊಲಂಬಿಯಾ ಜಿಲ್ಲೆಯೂ ಜತೆಗೂಡಿತು. 2019ರಲ್ಲಿ ನ್ಯೂಯಾರ್ಕ್, ಕೊಲರಾಡೊ, ನೆವಾಡ, ಹವಾಯಿ. 2020ರಲ್ಲಿ ನ್ಯೂ ಮೆಕ್ಸಿಕೊ, ವರ್ಜೀನಿಯಾ. 2023ರಲ್ಲಿ ಮಿಶಿಗನ್, ಮಿನಸೋಟ.

ಕಾರ್ಯವಿಧಾನ

ವಿವರಗಳು ರಾಜ್ಯದಿಂದ ರಾಜ್ಯಕ್ಕೆ ಬದಲಾದರೂ ಚೌಕಟ್ಟು ಒಂದೇ: ಅರ್ಜಿ, ಏಕಪಕ್ಷೀಯ ಆದೇಶ, ಜಾರಿ, ವಿಚಾರಣೆ, ಅಂತಿಮ ಆದೇಶ, ಕೊನೆಗೆ ಬಂದೂಕು ವಾಪಸ್.

ಅರ್ಜಿಯ ಜತೆಗೆ ಪ್ರಮಾಣಪೂರ್ವಕ ಹೇಳಿಕೆ ಇರಬೇಕು. ಸುಳ್ಳು ಹೇಳಿಕೆ ಕೊಡುವುದು ಶಿಕ್ಷಾರ್ಹ. ನ್ಯಾಯಾಧೀಶರು ಇತ್ತೀಚಿನ ಬೆದರಿಕೆ, ಹಲ್ಲೆ, ಆತ್ಮಹತ್ಯೆಯ ಮಾತು ಅಥವಾ ಯತ್ನ, ಬಂದೂಕನ್ನು ಅಜಾಗರೂಕತೆಯಿಂದ ಝಳಪಿಸಿದ್ದು, ಹಿಂದಿನ ತಡೆಯಾಜ್ಞೆಯ ಉಲ್ಲಂಘನೆ, ಮದ್ಯ ಅಥವಾ ಮಾದಕ ವಸ್ತುವಿನ ದುರ್ಬಳಕೆ, ಹೊಸದಾಗಿ ಬಂದೂಕು ಕೊಂಡದ್ದು ಮೊದಲಾದುವನ್ನು ಪರಿಗಣಿಸುತ್ತಾರೆ. ಅಪಾಯ ತಕ್ಷಣದ್ದೆಂದು ಮನವರಿಕೆಯಾದರೆ ಅಂದೇ ಅಥವಾ ಮರುದಿನವೇ ಏಕಪಕ್ಷೀಯ ಆದೇಶ ಹೊರಡುತ್ತದೆ. ಆದೇಶವನ್ನು ಪ್ರತಿವಾದಿಯ ಕೈಗೆ ತಲುಪಿಸುವ ಕೆಲಸ ಪೊಲೀಸರದು. ಬಂದೂಕುಗಳನ್ನು ಪ್ರತಿವಾದಿ ಠಾಣೆಗೋ ಪರವಾನಗಿ ಪಡೆದ ವ್ಯಾಪಾರಿಗೋ ಒಪ್ಪಿಸಬೇಕು. ಕೆಲವು ರಾಜ್ಯಗಳಲ್ಲಿ ಆದೇಶದ ಜತೆಗೇ ಶೋಧನಾ ವಾರಂಟನ್ನೂ ಕೊಡುತ್ತಾರೆ.

ಕ್ಯಾಲಿಫೋರ್ನಿಯಾದ ನಮೂನೆಗಳನ್ನು ನೋಡಿದರೆ ಈ ಕ್ರಮ ಸ್ಪಷ್ಟವಾಗುತ್ತದೆ. ಅರ್ಜಿಯ ನಮೂನೆ ಜಿವಿ-100. ಪ್ರತಿವಾದಿಯ ಬಳಿ ಎಂಥ ಬಂದೂಕುಗಳು ಎಷ್ಟಿವೆ, ಎಲ್ಲಿಟ್ಟಿದ್ದಾನೆ ಎಂಬುದನ್ನು ಅರ್ಜಿದಾರರು ತಮಗೆ ಗೊತ್ತಿದ್ದಷ್ಟು ಬರೆಯಬೇಕು. ಅರ್ಜಿಗೆ ಶುಲ್ಕವಿಲ್ಲ. ನ್ಯಾಯಾಧೀಶರು ಒಪ್ಪಿದರೆ ಜಿವಿ-110 ನಮೂನೆಯಲ್ಲಿ ತಾತ್ಕಾಲಿಕ ಆದೇಶ ಬರುತ್ತದೆ. ಪೊಲೀಸರು ಕೇಳಿದ ಕೂಡಲೇ ಪ್ರತಿವಾದಿ ಬಂದೂಕು ಕೊಡಬೇಕು. ಕೇಳದಿದ್ದರೆ ಆದೇಶ ಕೈಸೇರಿದ 24 ಗಂಟೆಗಳೊಳಗೆ ತಾನೇ ಒಯ್ದು ಒಪ್ಪಿಸಿ, 48 ಗಂಟೆಗಳೊಳಗೆ ಜಿವಿ-800 ಎಂಬ ರಶೀದಿಯನ್ನು ನ್ಯಾಯಾಲಯಕ್ಕೆ ಸಲ್ಲಿಸಬೇಕು. ಸುಮಾರು ಮೂರು ವಾರಗಳೊಳಗೆ ವಿಚಾರಣೆ ನಡೆದು, ಅಪಾಯ ಸಾಬೀತಾದರೆ ಜಿವಿ-130 ನಮೂನೆಯಲ್ಲಿ ಅಂತಿಮ ಆದೇಶ ಬರುತ್ತದೆ. ಜಿವಿ-800 ರಶೀದಿ ಮೇಲ್ನೋಟಕ್ಕೆ ಸಣ್ಣ ಕಾಗದ. ಆದರೆ ಬಂದೂಕು ನಿಜವಾಗಿಯೂ ಮನೆಯಿಂದ ಹೊರಹೋಯಿತೇ ಎಂಬುದಕ್ಕೆ ನ್ಯಾಯಾಲಯಕ್ಕೆ ಸಿಗುವ ಪುರಾವೆ ಇದೇ. ಇಂಥ ಪುರಾವೆಯನ್ನು ಪಟ್ಟುಹಿಡಿದು ಕೇಳದ ಕಡೆ ಆದೇಶ ಕಡತದಲ್ಲಿ ಉಳಿಯುತ್ತದೆ, ಬಂದೂಕು ಮನೆಯಲ್ಲಿ ಉಳಿಯುತ್ತದೆ.

ಅಂತಿಮ ವಿಚಾರಣೆಯಲ್ಲಿ ರುಜುವಾತಿನ ಹೊರೆ ಅರ್ಜಿದಾರರ ಮೇಲಿದೆ. ಕ್ಯಾಲಿಫೋರ್ನಿಯಾ, ಫ್ಲಾರಿಡಾ, ನ್ಯೂಯಾರ್ಕ್, ಕೊಲರಾಡೊ ಮೊದಲಾದ ಹೆಚ್ಚಿನ ರಾಜ್ಯಗಳಲ್ಲಿ ‘ಸ್ಪಷ್ಟ ಹಾಗೂ ಮನಗಾಣಿಸುವ ಸಾಕ್ಷ್ಯ’ ಬೇಕು. ಸಾಮಾನ್ಯ ಸಿವಿಲ್ ದಾವೆಗೆ ಬೇಕಾದ್ದಕ್ಕಿಂತ ಇದು ಹೆಚ್ಚಿನ ಮಟ್ಟ, ಕ್ರಿಮಿನಲ್ ಶಿಕ್ಷೆಗೆ ಬೇಕಾದ್ದಕ್ಕಿಂತ ಕಡಿಮೆ. ವಾಷಿಂಗ್ಟನ್, ನ್ಯೂಜೆರ್ಸಿಗಳಲ್ಲಿ ಸಾಕ್ಷ್ಯ ಅರ್ಜಿದಾರರ ಕಡೆಗೆ ತೂಗಿದರೆ ಸಾಕು. ಪ್ರತಿವಾದಿ ವಕೀಲರನ್ನು ಇಟ್ಟುಕೊಳ್ಳಬಹುದು, ಸಾಕ್ಷಿಗಳನ್ನು ಕರೆಸಬಹುದು. ಸಿವಿಲ್ ವ್ಯವಹಾರವಾದ್ದರಿಂದ ಸರ್ಕಾರಿ ಖರ್ಚಿನ ವಕೀಲರು ಎಲ್ಲ ಕಡೆಯೂ ಸಿಗುವುದಿಲ್ಲ. ಕೊಲರಾಡೊ ಕಾನೂನು ಅದನ್ನು ಪ್ರತಿವಾದಿಯ ಹಕ್ಕಾಗಿ ಬರೆದುಕೊಂಡಿದೆ. ಬೇರೆ ರಾಜ್ಯಗಳು ಅನುಸರಿಸಬೇಕಾದ ಏರ್ಪಾಡು ಇದು.

ಆದೇಶದ ವಿವರ ಬಂದೂಕು ಮಾರಾಟಕ್ಕೆ ಮುನ್ನ ನೋಡುವ ರಾಷ್ಟ್ರೀಯ ಹಿನ್ನೆಲೆ ಪರಿಶೀಲನಾ ದಾಖಲೆಗೆ ಸೇರುತ್ತದೆ. ಅಂಗಡಿಯಲ್ಲಿ ಹೊಸ ಬಂದೂಕು ಕೇಳಿದರೆ ವ್ಯಾಪಾರಿಗೆ ‘ಕೊಡಬಾರದು’ ಎಂಬ ಉತ್ತರ ಬರುತ್ತದೆ. ಅವಧಿ ಮುಗಿದಾಗ ಆದೇಶ ನವೀಕರಣವಾಗದೆ ಹೋದರೆ, ಬೇರೆ ಕಾನೂನಿನ ಅಡ್ಡಿ ಇಲ್ಲದಿದ್ದರೆ, ಬಂದೂಕುಗಳನ್ನು ಹಿಂದಿರುಗಿಸಬೇಕು. ಅವಧಿಯ ಮಧ್ಯದಲ್ಲಿ ಆದೇಶ ರದ್ದುಮಾಡಿಸಲು ಪ್ರತಿವಾದಿ ಅರ್ಜಿ ಹಾಕಬಹುದು. ಆದೇಶವನ್ನು ಮೀರಿ ಬಂದೂಕು ಇಟ್ಟುಕೊಂಡರೆ ಅದು ಅಪರಾಧವಾಗುತ್ತದೆ.

ಬಗೆಗಳು

ಅರ್ಜಿ ಹಾಕಲು ಯಾರಿಗೆ ಅಧಿಕಾರವಿದೆ ಎಂಬುದರ ಮೇಲೆ ಶಾಸನಗಳನ್ನು ವಿಂಗಡಿಸುವುದು ರೂಢಿ. ಫ್ಲಾರಿಡಾ, ಇಂಡಿಯಾನಾ, ರೋಡ್ ಐಲೆಂಡ್‌ಗಳಲ್ಲಿ ಪೊಲೀಸರಿಗೆ, ವರ್ಜೀನಿಯಾದಲ್ಲಿ ಪೊಲೀಸರಿಗೂ ಸರ್ಕಾರಿ ಅಭಿಯೋಜಕರಿಗೂ ಮಾತ್ರ ಈ ಅಧಿಕಾರ. ಆರೆಗಾನ್, ವಾಷಿಂಗ್ಟನ್‌ಗಳಲ್ಲಿ ಕುಟುಂಬದವರೂ ಮನೆಯಲ್ಲಿ ಜತೆಗಿರುವವರೂ ಸೇರುತ್ತಾರೆ. ನ್ಯೂಯಾರ್ಕ್, ಹವಾಯಿ, ಮೇರಿಲ್ಯಾಂಡ್‌ಗಳಲ್ಲಿ ವೈದ್ಯಕೀಯ ವೃತ್ತಿಯವರಿಗೂ ಅವಕಾಶವಿದೆ, ಮೊದಲೆರಡರಲ್ಲಿ ಶಾಲೆಯವರಿಗೂ ಇದೆ. ಕ್ಯಾಲಿಫೋರ್ನಿಯಾ 2020ರ ಸೆಪ್ಟೆಂಬರ್‌ನಿಂದ ಮಾಲೀಕರು, ಸಹೋದ್ಯೋಗಿಗಳು, ಶಿಕ್ಷಕರನ್ನೂ ಸೇರಿಸಿಕೊಂಡಿತು. ಕನೆಟಿಕಟ್ 2021ರಲ್ಲಿ ತನ್ನ ಹಳೆಯ ಕಾನೂನನ್ನು ತಿದ್ದಿ 2022ರಿಂದ ಕುಟುಂಬಕ್ಕೂ ವೈದ್ಯರಿಗೂ ದಾರಿ ತೆರೆಯಿತು.

ಅವಧಿಯಲ್ಲೂ ವ್ಯತ್ಯಾಸವಿದೆ. ಅಂತಿಮ ಆದೇಶ ಸಾಮಾನ್ಯವಾಗಿ ಒಂದು ವರ್ಷದ್ದು. ವರ್ಮಾಂಟ್, ವರ್ಜೀನಿಯಾಗಳಲ್ಲಿ ಸುಮಾರು ಆರು ತಿಂಗಳು, ಕ್ಯಾಲಿಫೋರ್ನಿಯಾದಲ್ಲಿ ಒಂದರಿಂದ ಐದು ವರ್ಷ. ಇಂಡಿಯಾನಾದಲ್ಲಿ 180 ದಿನ ಕಳೆದ ಮೇಲೆ ಪ್ರತಿವಾದಿ ತಾನೇ ಮುಂದಾಗಿ ಬಂದೂಕು ಮರಳಿ ಕೇಳಬೇಕು.

ಮೇನ್ ರಾಜ್ಯದಲ್ಲಿ 2020ರಲ್ಲಿ ಜಾರಿಗೆ ಬಂದ ಬೇರೆಯದೇ ಬಗೆಗೆ ಯೆಲ್ಲೊ ಫ್ಲ್ಯಾಗ್ ಕಾನೂನು ಎಂದು ಹೆಸರು. ಅದರಲ್ಲಿ ಪೊಲೀಸರು ಮೊದಲು ವ್ಯಕ್ತಿಯನ್ನು ರಕ್ಷಣಾ ವಶಕ್ಕೆ ತೆಗೆದುಕೊಳ್ಳಬೇಕು. ಆಮೇಲೆ ವೈದ್ಯಕೀಯ ವೃತ್ತಿಯವರು ಪರೀಕ್ಷಿಸಿ ಅಪಾಯವಿದೆಯೆಂದು ಹೇಳಬೇಕು. ನ್ಯಾಯಾಧೀಶರ ಸರದಿ ಬರುವುದು ಅದಾದ ಮೇಲೆ.

ಬಳಕೆ

ಸಾಮೂಹಿಕ ಹತ್ಯೆಯ ಆಘಾತದಲ್ಲಿ ಹುಟ್ಟಿದ ಈ ಕಾನೂನುಗಳು ಬಳಕೆಯಾಗುವುದು ಬಹುಮಟ್ಟಿಗೆ ಆತ್ಮಹತ್ಯೆಯ ತಡೆಗೆ. ಸಾರ್ವಜನಿಕ ಚರ್ಚೆಯಲ್ಲಿ ಈ ಸಂಗತಿ ಎಷ್ಟು ಬಾರಿ ಹೇಳಿದರೂ ಹಿಂದೆ ಸರಿದುಬಿಡುತ್ತದೆ. ಅಮೆರಿಕದಲ್ಲಿ 2021ರಲ್ಲಿ ಬಂದೂಕಿನಿಂದ ಸತ್ತ 48,830 ಮಂದಿಯಲ್ಲಿ 26,328 ಮಂದಿಯದು ಆತ್ಮಹತ್ಯೆ. ಬಂದೂಕಿನಿಂದ ಮಾಡಿದ ಆತ್ಮಹತ್ಯಾ ಯತ್ನಗಳಲ್ಲಿ ಹತ್ತರಲ್ಲಿ ಎಂಟು ಒಂಬತ್ತು ಸಾವಿನಲ್ಲಿ ಕೊನೆಗೊಳ್ಳುತ್ತವೆ. ಮಾತ್ರೆ ನುಂಗಿದವರಲ್ಲಿ ಬಹುತೇಕರು ಬದುಕುತ್ತಾರೆ. ಸಾಯಬೇಕೆಂಬ ತೀವ್ರ ಹಂಬಲ ಎಷ್ಟೋ ಜನರಲ್ಲಿ ಕೆಲವೇ ಗಂಟೆಗಳದ್ದೋ ದಿನಗಳದ್ದೋ ಆಗಿರುತ್ತದೆ, ಆ ಹೊತ್ತು ಕಳೆದು ಬದುಕುಳಿದವರಲ್ಲಿ ಹೆಚ್ಚಿನವರು ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಆ ಹೊತ್ತಿನಲ್ಲಿ ಬಂದೂಕು ಕೈಗೆಟುಕದಂತೆ ಮಾಡುವುದೇ ಆದೇಶದ ಮುಖ್ಯ ಕೆಲಸ.

ಡ್ಯೂಕ್ ವಿಶ್ವವಿದ್ಯಾಲಯದ ಜೆಫ್ರಿ ಸ್ವಾನ್ಸನ್ ಮತ್ತು ಸಂಗಡಿಗರು ಕನೆಟಿಕಟ್‌ನಲ್ಲಿ 1999ರಿಂದ 2013ರವರೆಗೆ ಹೊರಡಿಸಿದ 762 ವಾರಂಟ್‌ಗಳನ್ನು ಪರಿಶೀಲಿಸಿದರು. ಅವರಿಗೆ ಶೇ. 61ರಷ್ಟು ಪ್ರಕರಣಗಳಲ್ಲಿ ಸ್ವಹಾನಿಯ ಆತಂಕವೇ ಕಂಡಿತು. ಪ್ರತಿ ಪ್ರಕರಣದಲ್ಲಿ ಸರಾಸರಿ ಏಳು ಬಂದೂಕುಗಳು ಸಿಕ್ಕಿದ್ದವು. ಹೆಂಡತಿಯೋ ಮಕ್ಕಳೋ ಪರಿಚಿತರೋ ಪೊಲೀಸರಿಗೆ ಹೇಳಿದ್ದರಿಂದಲೇ ಅಪಾಯ ಗಮನಕ್ಕೆ ಬಂದ ಪ್ರಕರಣಗಳು ಹಲವು.

ಉಳಿದ ಬಳಕೆಗಳೆಂದರೆ ಶಾಲೆ, ಕಚೇರಿಗಳಿಗೆ ಬಂದ ಬೆದರಿಕೆ, ಸಂಗಾತಿಯ ಮೇಲಿನ ಹಿಂಸೆ, ಮರೆವಿನ ರೋಗದಿಂದ ಮನೆಯವರನ್ನೇ ಅಪರಿಚಿತರೆಂದು ತಿಳಿಯುವ ವೃದ್ಧರ ಬಳಿಯ ಬಂದೂಕು ಇತ್ಯಾದಿ. ಆರು ರಾಜ್ಯಗಳ 6,787 ಪ್ರಕರಣಗಳನ್ನು ನೋಡಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಶೇ. 10ರಷ್ಟು ಕನಿಷ್ಠ ಮೂವರನ್ನು ಕೊಲ್ಲುವ ಬೆದರಿಕೆಗೆ ಸಂಬಂಧಿಸಿದವು.

ಬಳಕೆಯ ಪ್ರಮಾಣ ಕಾನೂನಿನ ಮಾತುಗಳಿಗಿಂತ ಸ್ಥಳೀಯ ಆಸಕ್ತಿಯನ್ನೇ ಅವಲಂಬಿಸಿದೆ. ಫ್ಲಾರಿಡಾದಲ್ಲಿ ಸಾವಿರಾರು ಆದೇಶಗಳು ಹೊರಟಿವೆ. ಸ್ಯಾನ್ ಡಿಯೇಗೊ ನಗರದ ವಕೀಲರ ಕಚೇರಿ ಇದಕ್ಕಾಗಿಯೇ ಸಿಬ್ಬಂದಿಯನ್ನು ಇಟ್ಟು ಕ್ಯಾಲಿಫೋರ್ನಿಯಾದ ಬೇರೆ ಊರುಗಳಿಗೆ ತರಬೇತಿ ಕೊಟ್ಟಿತು. ಕೊಲರಾಡೊದ ಹಲವು ಕೌಂಟಿಗಳಾದರೋ ಈ ಕಾನೂನನ್ನು ಬೆಂಬಲಿಸುವುದಿಲ್ಲವೆಂದು ನಿರ್ಣಯ ಮಾಡಿದವು.

ಪರಿಣಾಮದ ಅಧ್ಯಯನಗಳು

ಸ್ವಾನ್ಸನ್ ತಂಡದ ಅಂದಾಜಿನಲ್ಲಿ ಕನೆಟಿಕಟ್‌ನಲ್ಲಿ ಪ್ರತಿ 10ರಿಂದ 20 ಜಪ್ತಿಗಳಿಗೆ ಒಂದು ಆತ್ಮಹತ್ಯೆ ತಪ್ಪಿದೆ. ಇಂಡಿಯಾನಾದಲ್ಲಿ ಪ್ರತಿ ಹತ್ತಕ್ಕೆ ಒಂದು. ನಾಲ್ಕು ರಾಜ್ಯಗಳ 4,583 ಆದೇಶಗಳ ಮೇಲೆ 2024ರಲ್ಲಿ ಪ್ರಕಟವಾದ ಮುಂದಿನ ಅಧ್ಯಯನ ಈ ಪ್ರಮಾಣವನ್ನು 17ರಿಂದ 23ಕ್ಕೆ ಒಂದೆಂದು ಕೊಟ್ಟಿತು. 2018ರ ಇನ್ನೊಂದು ಅಧ್ಯಯನ, ಕಾನೂನು ಬಂದ ನಂತರದ ಹತ್ತು ವರ್ಷಗಳಲ್ಲಿ ಇಂಡಿಯಾನಾದಲ್ಲಿ ಬಂದೂಕಿನ ಆತ್ಮಹತ್ಯೆಗಳು ಶೇ. 7.5ರಷ್ಟು ತಗ್ಗಿದವೆಂದು ಲೆಕ್ಕ ಹಾಕಿತು.

ಸಾಮೂಹಿಕ ಹತ್ಯೆ ತಪ್ಪಿಸುವಲ್ಲಿ ಪರಿಣಾಮವನ್ನು ಅಳೆಯುವುದು ಕಷ್ಟ, ನಡೆಯದೇ ಹೋದದ್ದನ್ನು ಎಣಿಸಲಾಗುವುದಿಲ್ಲ. ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಅಂಥ ಬೆದರಿಕೆಯ 21 ಪ್ರಕರಣಗಳನ್ನು ವಿವರಿಸಿದರು. ಆದೇಶ ಹೊರಟ ಮೇಲೆ ಆ ಬೆದರಿಕೆಗಳಲ್ಲಿ ಒಂದೂ ನಿಜವಾಗಿರಲಿಲ್ಲ. ಆದೇಶ ಇಲ್ಲದಿದ್ದರೆ ಅವು ನಿಜವಾಗುತ್ತಿದ್ದವೆಂದು ಇದರಿಂದ ಸಾಧಿಸಲಾಗದು ಎಂಬುದನ್ನೂ ಅವರೇ ಸ್ಪಷ್ಟಪಡಿಸಿದರು. ಕೊಲೆಗಳ ಒಟ್ಟು ಸಂಖ್ಯೆಯ ಮೇಲೆ ಈ ಕಾನೂನಿನ ಪ್ರಭಾವಕ್ಕೆ ಇನ್ನೂ ಗಟ್ಟಿ ಆಧಾರ ದೊರೆತಿಲ್ಲ.

ಬಳಕೆಯಾಗದ ಸಂದರ್ಭಗಳು

ಕಾನೂನು ಇದ್ದೂ ಆದೇಶ ಕೇಳದೆ ಹೋದ ಪ್ರಕರಣಗಳು ಈ ವಿಷಯದ ಇತಿಹಾಸದಲ್ಲಿ ದೊಡ್ಡ ಪಾಲು ಪಡೆದಿವೆ. 2020ರ ಮಾರ್ಚ್‌ನಲ್ಲಿ ಇಂಡಿಯಾನಾಪೊಲಿಸ್‌ನ ತಾಯಿಯೊಬ್ಬಳು ಮಗ ಸಾಯುವ ಮಾತಾಡುತ್ತಿದ್ದಾನೆಂದು ಪೊಲೀಸರಿಗೆ ತಿಳಿಸಿದಳು. ಪೊಲೀಸರು ಬಂದು ಅವನ ಶಾಟ್‌ಗನ್ ಒಯ್ದರು. ಅದನ್ನು ವಾಪಸ್ ಕೇಳುವುದಿಲ್ಲವೆಂದು ಮನೆಯವರು ಒಪ್ಪಿಕೊಂಡಿದ್ದರಿಂದ ಪ್ರಾಸಿಕ್ಯೂಟರ್ ಕಚೇರಿ ನ್ಯಾಯಾಲಯಕ್ಕೆ ಅರ್ಜಿ ಹಾಕಲಿಲ್ಲ. ಜಪ್ತಿಯಾದ ಆ ಒಂದು ಬಂದೂಕಿನ ಮಟ್ಟಿಗೆ ಇದು ಸಾಕಾಗಿತ್ತು. ಆದರೆ ಹೊಸ ಬಂದೂಕು ಕೊಳ್ಳದಂತೆ ತಡೆಯುವ ಶಕ್ತಿ ಇರುವುದು ನ್ಯಾಯಾಲಯದ ಆದೇಶಕ್ಕೆ ಮಾತ್ರ. ಅದೇ ವರ್ಷ ಅವನು ಅಂಗಡಿಯಲ್ಲಿ ಕಾನೂನುಬದ್ಧವಾಗಿ ಎರಡು ರೈಫಲ್ ಕೊಂಡ. 2021ರ ಏಪ್ರಿಲ್ 15ರ ರಾತ್ರಿ ಫೆಡೆಕ್ಸ್ ಕಂಪನಿಯ ಉಗ್ರಾಣದಲ್ಲಿ ಎಂಟು ಜನರನ್ನು ಕೊಂದು ತಾನೂ ಸತ್ತ. ಹತರಾದವರಲ್ಲಿ ನಾಲ್ವರು ಸಿಖ್ ಸಮುದಾಯದವರು.

2022ರ ಮೇ 14ರಂದು ನ್ಯೂಯಾರ್ಕಿನ ಬಫಲೊದಲ್ಲಿ ಹತ್ತು ಜನರನ್ನು ಕೊಂದವನು ಹಿಂದಿನ ವರ್ಷ ಶಾಲೆಯಲ್ಲಿ ಕೊಲೆಯ ಮಾತಾಡಿ ಮಾನಸಿಕ ತಪಾಸಣೆಗೆ ಒಳಗಾಗಿದ್ದ. ಯಾರೂ ಆದೇಶ ಕೇಳಿರಲಿಲ್ಲ. ಆ ಬಳಿಕ ನ್ಯೂಯಾರ್ಕ್ ಕಾನೂನನ್ನು ತಿದ್ದಿ, ಸಕಾರಣ ಕಂಡಾಗ ಪೊಲೀಸರು ಅರ್ಜಿ ಹಾಕಲೇಬೇಕೆಂದು ಕಡ್ಡಾಯ ಮಾಡಿತು. ಅರ್ಜಿಗಳ ಸಂಖ್ಯೆ ಹಲವು ಪಟ್ಟು ಏರಿತು. ಅದೇ ವರ್ಷದ ಜುಲೈ 4ರಂದು ಇಲಿನಾಯ್‌ನ ಹೈಲ್ಯಾಂಡ್ ಪಾರ್ಕ್‌ನಲ್ಲಿ ಏಳು ಮಂದಿ ಸತ್ತರು. ಅಲ್ಲಿಯೂ 2019ರಲ್ಲಿ ಪೊಲೀಸರು ಹಂತಕನ ಮನೆಯಿಂದ ಚಾಕುಗಳನ್ನು ಒಯ್ದಿದ್ದರು, ಆದೇಶ ಕೇಳಿರಲಿಲ್ಲ. 2023ರ ಅಕ್ಟೋಬರ್ 25ರಂದು ಮೇನ್ ರಾಜ್ಯದ ಲೂಯಿಸ್ಟನ್‌ನಲ್ಲಿ 18 ಜನ ಸತ್ತ ನಂತರ ಸ್ವತಂತ್ರ ತನಿಖಾ ಆಯೋಗ, ಯೆಲ್ಲೊ ಫ್ಲ್ಯಾಗ್ ಕಾನೂನನ್ನು ಬಳಸಲು ಶೆರಿಫ್ ಕಚೇರಿಗೆ ಸಾಕಷ್ಟು ಆಧಾರವಿತ್ತೆಂದು ಹೇಳಿತು. ಈ ನಾಲ್ಕರಲ್ಲೂ ಎಚ್ಚರಿಕೆಯ ಸೂಚನೆ ಮೊದಲೇ ಪೊಲೀಸರಿಗೆ ತಲುಪಿತ್ತು.

ಆಕ್ಷೇಪಗಳು ಮತ್ತು ನ್ಯಾಯಾಲಯಗಳ ನಿಲುವು

ಬಂದೂಕು ಹೊಂದುವುದು ಅಮೆರಿಕ ಸಂವಿಧಾನದ ಎರಡನೆಯ ತಿದ್ದುಪಡಿಯಡಿ ವೈಯಕ್ತಿಕ ಹಕ್ಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2008ರಲ್ಲಿ ಹೆಲರ್ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಅಪರಾಧ ಮಾಡದವನ ಹಕ್ಕನ್ನು ಅವನ ಮಾತು ಕೇಳುವ ಮೊದಲೇ ಅಮಾನತಿನಲ್ಲಿಡುವುದು ನ್ಯಾಯಸಮ್ಮತ ವಿಧಾನದ ಭರವಸೆಗೆ ವಿರುದ್ಧ ಎಂಬುದು ಮುಖ್ಯ ಆಕ್ಷೇಪ. ಇದನ್ನು ಎತ್ತಿದವರು ಬಂದೂಕು ಸಂಘಟನೆಗಳವರು ಮಾತ್ರವಲ್ಲ. 2018ರಲ್ಲಿ ರೋಡ್ ಐಲೆಂಡ್‌ನ ನಾಗರಿಕ ಸ್ವಾತಂತ್ರ್ಯ ಸಂಘಟನೆಯೂ ಮಸೂದೆಯ ವ್ಯಾಪ್ತಿಯನ್ನು ಪ್ರಶ್ನಿಸಿತ್ತು. ದ್ವೇಷದಿಂದ ಸುಳ್ಳು ಅರ್ಜಿ ಹಾಕಬಹುದು, ಮಾನಸಿಕ ರೋಗಿಗಳಿಗೆ ಕಳಂಕ ಅಂಟಬಹುದು ಎಂಬ ಆತಂಕಗಳೂ ಇವೆ. ಆದೇಶ ಜಾರಿಯ ಗಳಿಗೆಯೇ ಅಪಾಯಕಾರಿ ಆಗುವುದುಂಟು. 2018ರ ನವೆಂಬರ್ 5ರ ಮುಂಜಾನೆ ಮೇರಿಲ್ಯಾಂಡ್‌ನಲ್ಲಿ ಆದೇಶ ತಲುಪಿಸಲು ಹೋದ ಪೊಲೀಸರೊಡನೆ ನಡೆದ ತಿಕ್ಕಾಟದಲ್ಲಿ 61 ವರ್ಷದ ಪ್ರತಿವಾದಿ ಗುಂಡೇಟಿನಿಂದ ಸತ್ತ. ರಾಜ್ಯದ ಕಾನೂನು ಜಾರಿಗೆ ಬಂದು ಆಗ ಒಂದು ತಿಂಗಳಾಗಿತ್ತಷ್ಟೇ.

ಇಂಡಿಯಾನಾದ ಮೇಲ್ಮನವಿ ನ್ಯಾಯಾಲಯ 2013ರಲ್ಲಿ, ಫ್ಲಾರಿಡಾದ್ದು 2019ರಲ್ಲಿ ತಮ್ಮ ರಾಜ್ಯಗಳ ಕಾನೂನನ್ನು ಎತ್ತಿಹಿಡಿದವು. ಸುಪ್ರೀಂ ಕೋರ್ಟಿನ 2022ರ ಬ್ರುಯೆನ್ ತೀರ್ಪು ಲೆಕ್ಕಾಚಾರವನ್ನು ಬದಲಿಸಿತು: ಬಂದೂಕು ನಿಯಂತ್ರಣ ದೇಶದ ಐತಿಹಾಸಿಕ ಪರಂಪರೆಗೆ ಹೊಂದಬೇಕೆಂಬ ಹೊಸ ಒರೆಗಲ್ಲು ಬಂತು. ಅದರ ಮೇಲೆ ನ್ಯೂಯಾರ್ಕಿನ ಕೆಲವು ಕೆಳ ನ್ಯಾಯಾಲಯಗಳು ರಾಜ್ಯದ ಕಾನೂನು ಅಸಾಂವಿಧಾನಿಕ ಎಂದವು, ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. 2024ರ ಜೂನ್ 21ರಂದು ರಹೀಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇನ್ನೊಬ್ಬರ ದೈಹಿಕ ಸುರಕ್ಷತೆಗೆ ನಂಬಲರ್ಹ ಬೆದರಿಕೆ ಎಂದು ನ್ಯಾಯಾಲಯ ಕಂಡುಕೊಂಡ ವ್ಯಕ್ತಿಯನ್ನು ತಾತ್ಕಾಲಿಕವಾಗಿ ನಿರಾಯುಧಗೊಳಿಸಬಹುದೆಂದು 8–1ರ ಬಹುಮತದಿಂದ ಹೇಳಿತು. ತೀರ್ಪು ಬರೆದವರು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್, ಭಿನ್ನಮತ ಕ್ಲಾರೆನ್ಸ್ ಥಾಮಸ್ ಅವರದು. ಆ ಪ್ರಕರಣ ಕೌಟುಂಬಿಕ ಹಿಂಸೆಯ ತಡೆಯಾಜ್ಞೆಗೆ ಸಂಬಂಧಿಸಿದ್ದು. ರಕ್ಷಣಾ ಆದೇಶಗಳ ಬಗ್ಗೆ ನೇರ ತೀರ್ಪು ಅದರಲ್ಲಿಲ್ಲ. ಸ್ವಂತಕ್ಕೇ ಅಪಾಯ ಮಾಡಿಕೊಳ್ಳುವವರ ವಿಷಯವನ್ನೂ ಅದು ಮುಟ್ಟಿಲ್ಲ. ಹೆಚ್ಚು ಪ್ರಕರಣಗಳು ಇರುವುದು ಅಲ್ಲಿಯೇ.

ಭಾರತದ ಕಾನೂನಿನೊಡನೆ ಹೋಲಿಕೆ

ಭಾರತದಲ್ಲಿ ಬಂದೂಕು ಮೂಲಭೂತ ಹಕ್ಕಿನ ವಿಷಯವಲ್ಲ, ಪರವಾನಗಿಯ ವಿಷಯ. ಆದ್ದರಿಂದ ಇಂಥ ಪ್ರತ್ಯೇಕ ನ್ಯಾಯಾಲಯ ಆದೇಶದ ಅಗತ್ಯ ಬಂದಿಲ್ಲ. 1959ರ ಶಸ್ತ್ರಾಸ್ತ್ರ ಅಧಿನಿಯಮದ 17ನೆಯ ಪ್ರಕರಣದಡಿ ಪರವಾನಗಿ ಪ್ರಾಧಿಕಾರವೇ, ಪರವಾನಗಿದಾರ ಅನರ್ಹನೆಂದೋ ಸಾರ್ವಜನಿಕ ಶಾಂತಿ, ಸುರಕ್ಷತೆಗೆ ಅಗತ್ಯವೆಂದೋ ಕಂಡರೆ ಪರವಾನಗಿಯನ್ನು ಅಮಾನತು ಅಥವಾ ರದ್ದು ಮಾಡಬಹುದು. ಅದರ ಮೇಲೆ 18ನೆಯ ಪ್ರಕರಣದಡಿ ಮೇಲ್ಮನವಿ ಇದೆ. ಬೆಳೆ ಕಾಯಲು ತೋಟದ ಮನೆಗಳಲ್ಲಿ ಕೋವಿ ಇರುವ ಮಲೆನಾಡು, ಕೊಡಗುಗಳಲ್ಲಿ ಜನರಿಗೆ ಹೆಚ್ಚು ಪರಿಚಿತವಾದದ್ದು ಚುನಾವಣೆಯ ಹೊತ್ತಿನಲ್ಲಿ ಜಿಲ್ಲಾಡಳಿತ ಕೋವಿಯನ್ನು ಠಾಣೆಯಲ್ಲಿ ಇರಿಸಿಕೊಳ್ಳುವ ಕ್ರಮ. ಅದು ವ್ಯಕ್ತಿಯ ಅಪಾಯವನ್ನು ಒಂದೊಂದಾಗಿ ಅಳೆದು ನ್ಯಾಯಾಧೀಶರು ಕೊಡುವ ಆದೇಶವಲ್ಲ, ಆಡಳಿತದ ಮುನ್ನೆಚ್ಚರಿಕೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು. ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಬ್ರಿಟನ್ನಿನಲ್ಲೂ ಪರವಾನಗಿ ಹಿಂತೆಗೆಯುವ ಅಧಿಕಾರ ಪೊಲೀಸ್ ಮುಖ್ಯಸ್ಥರದು. ಕೆನಡಾ 2023ರ ಡಿಸೆಂಬರ್‌ನಲ್ಲಿ ಒಪ್ಪಿದ ಶಾಸನದಲ್ಲಿ ಮಾತ್ರ ಅಮೆರಿಕದ ಮಾದರಿಗೆ ಹತ್ತಿರವಾದ, ಯಾರು ಬೇಕಾದರೂ ನ್ಯಾಯಾಲಯಕ್ಕೆ ಹೋಗಬಹುದಾದ ತುರ್ತು ನಿಷೇಧದ ಏರ್ಪಾಡಿದೆ.

ಪ್ರಸ್ತುತ ಸ್ಥಿತಿ

ಅಮೆರಿಕದಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಒಕ್ಕೂಟದ ರಕ್ಷಣಾ ಆದೇಶ ಕಾನೂನು ಇಲ್ಲ. 2022ರ ಜೂನ್‌ನಲ್ಲಿ ಕೆಳಮನೆ ಅಂಥ ಮಸೂದೆಯನ್ನು ಒಪ್ಪಿದರೂ ಸೆನೆಟ್‌ನಲ್ಲಿ ಅದು ಮುಂದೆ ಹೋಗಲಿಲ್ಲ. ಟೆಕ್ಸಸ್‌ನ ಯುವಾಲ್ಡಿ ಶಾಲೆಯಲ್ಲಿ 19 ಮಕ್ಕಳೂ ಇಬ್ಬರು ಶಿಕ್ಷಕಿಯರೂ ಹತರಾದ ಒಂದು ತಿಂಗಳಿಗೆ, 2022ರ ಜೂನ್ 25ರಂದು, ಅಧ್ಯಕ್ಷ ಜೋ ಬೈಡನ್ ಸಹಿ ಹಾಕಿದ ಉಭಯಪಕ್ಷೀಯ ಶಾಸನವು ರಕ್ಷಣಾ ಆದೇಶವೂ ಸೇರಿದ ಬಿಕ್ಕಟ್ಟು ನಿವಾರಣಾ ಕಾರ್ಯಕ್ರಮಗಳಿಗಾಗಿ ರಾಜ್ಯಗಳಿಗೆ 75 ಕೋಟಿ ಡಾಲರ್ ಒದಗಿಸಿತು. ಹಣ ಪಡೆಯುವ ರಾಜ್ಯ ಪ್ರತಿವಾದಿಗೆ ನ್ಯಾಯಸಮ್ಮತ ವಿಚಾರಣೆಯ ರಕ್ಷಣೆ ಕೊಡಬೇಕೆಂಬ ಷರತ್ತೂ ಅದರಲ್ಲಿದೆ.

ವಿರುದ್ಧ ದಿಕ್ಕಿನಲ್ಲೂ ಶಾಸನಗಳು ಬಂದಿವೆ. ಒಕ್ಲಹೋಮ 2020ರಲ್ಲಿ ತನ್ನ ಊರು, ಕೌಂಟಿಗಳು ಇಂಥ ಆದೇಶದ ವ್ಯವಸ್ಥೆ ಮಾಡದಂತೆ ನಿಷೇಧಿಸಿತು. ಟೆನೆಸಿ 2024ರಲ್ಲಿ, ಟೆಕ್ಸಸ್ 2025ರಲ್ಲಿ ಅದೇ ದಾರಿ ಹಿಡಿದವು. ಒಂದು ರಾಜ್ಯದಲ್ಲಿ ತಾಯಿ ಅರ್ಜಿ ಹಾಕಿ ಅದೇ ಸಂಜೆ ಪಡೆಯಬಹುದಾದ ಆದೇಶ ಇನ್ನೊಂದು ರಾಜ್ಯದಲ್ಲಿ ಪೊಲೀಸರಿಗೂ ಸಿಗುವುದಿಲ್ಲ.

2025ರ ನವೆಂಬರ್ 4ರಂದು ಮೇನ್ ರಾಜ್ಯದ ಮತದಾರರು ಜನಮತದಲ್ಲಿ ಕುಟುಂಬದವರೇ ನೇರವಾಗಿ ಅರ್ಜಿ ಹಾಕಬಹುದಾದ ರೆಡ್ ಫ್ಲ್ಯಾಗ್ ಕಾನೂನನ್ನು ಒಪ್ಪಿದರು. ಇದರೊಂದಿಗೆ ಕಾನೂನು ಮಾಡಿಕೊಂಡ ರಾಜ್ಯಗಳ ಸಂಖ್ಯೆ, ಕೊಲಂಬಿಯಾ ಜಿಲ್ಲೆಯನ್ನು ಬಿಟ್ಟು, 22ಕ್ಕೆ ಏರಿತು.